ಈಡು ತುಂಬುವಷ್ಟರಲ್ಲಿ

ಕೇಪಿನ ಕೋವಿಗೆ, ಅಂದರೆ ನಳಿಕೆಯ ಬಾಯಿಂದಲೇ ಮದ್ದು ಜಡಿಯುವ ಹಳೇ ಮಾದರಿಯ ಬಂದೂಕಿಗೆ, ಈಡು ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಸಾಗರ ಸೀಮೆಯ ಮಂಗಗಳಿಗೆ ಚೆನ್ನಾಗಿ ಗೊತ್ತಿದೆ. ಚಿಕ್ಕಪ್ಪ ಕೋವಿ ಹಿಡಿದು ಅಂಗಳಕ್ಕಿಳಿದರೆ ಅವು ಓಡುವುದಿಲ್ಲ. ನಳಿಕೆಯ ಬಾಯಿಗೆ ಮದ್ದು ಬೀಳುವವರೆಗೆ ಎಳೆ ಅಡಿಕೆ ಚೀಪುತ್ತವೆ, ತೆಂಗಿನ ನಾರು ತುರುಕುವವರೆಗೆ ಬಾಳೆಗೊನೆ ವಿಚಾರಿಸಿಕೊಳ್ಳುತ್ತವೆ, ಗಜವೆಂಬ ಉದ್ದ ಸರಳಿನಿಂದ ಜಡಿಯುವ ಸದ್ದು ಕೇಳಿದ ಮೇಲೆ ಮರಿಗಳನ್ನು ಹೊಟ್ಟೆಗೆ ಅವುಚಿಕೊಂಡು ಸಾವಕಾಶವಾಗಿ ಪಕ್ಕದವರ ತೋಟಕ್ಕೆ ದಾಟುತ್ತವೆ. ಚಿಕ್ಕಪ್ಪ ಕೇಪನ್ನು, ಅಂದರೆ ಬಡಿದರೆ ಕಿಡಿ ಹಾರಿಸುವ ಪುಟ್ಟ ಲೋಹದ ಟೊಪ್ಪಿಯನ್ನು, ಕೂರಿಸಿ ‘ಢಂ’ ಎನ್ನಿಸುವಾಗ ಮರದಲ್ಲಿ ಕೇಳುವವರೇ ಇರುವುದಿಲ್ಲ.

ಹೊಡೆಯುವುದಾದರೂ ಬರೀ ಸದ್ದಿಗೆ. ಮಂಗನಿಗೆ ಗುರಿ ಇಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಂದು ಕಡೆ, ಊರ ಬಾಗಿಲಲ್ಲಿರುವ ಆಂಜನೇಯ ಇನ್ನೊಂದು ಕಡೆ. ಕಾಯ್ದೆಗಿಂತ ಚಿಕ್ಕಮ್ಮ ಹೆದರುವುದು ಎರಡನೆಯವನಿಗೆ.

ಮಳೆಗಾಲ ಬಂತೆಂದರೆ ಈ ‘ಢಂ’ ಕೂಡ ಸಿಗುವುದಿಲ್ಲ. ಕರಿಮದ್ದು ಗಾಳಿಯ ತೇವ ಕುಡಿಯುತ್ತದೆ. ನಮ್ಮಲ್ಲಿ ಜುಲೈ ತಿಂಗಳಿನ ಗಾಳಿಯಲ್ಲಿ ತೇವ ಬಿಟ್ಟರೆ ಬೇರೇನೂ ಇರುವುದಿಲ್ಲ. ಕೇಪು ಮಾತ್ರ ‘ಟಪ್’ ಎಂದು ಸಿಡಿದು ಕೋವಿ ಸುಮ್ಮನಾಗುತ್ತದೆ. ಇದಕ್ಕೆ ಚಿಕ್ಕಪ್ಪ ಕಂಡುಕೊಂಡ ಪರಿಹಾರವೆಂದರೆ ಮದ್ದಿನ ಡಬ್ಬಿಯನ್ನು ಬಚ್ಚಲ ಒಲೆಯ ಮೇಲೆ ನೇತುಹಾಕಿ ಬೆಚ್ಚಗಿಡುವುದು. ಚಿಕ್ಕಮ್ಮ ಕೂಗಾಡಲಿಲ್ಲ. “ತೂಗುಹಾಕಿ. ನಾನು ತವರುಮನೆ ತಲುಪಿ ಫೋನ್ ಮಾಡಿದ ಮೇಲೆ ಒಲೆಗೆ ಬೆಂಕಿ ಹಾಕಿಕೊಳ್ಳಿ” ಎಂದರು. ಅಂದಿನಿಂದ ಡಬ್ಬಿ ಹಿತ್ತಿಲ ಕೋಣೆಯಲ್ಲಿದೆ, ಬೀಗದ ಕೈ ಚಿಕ್ಕಮ್ಮನ ಸೊಂಟದಲ್ಲಿದೆ. ಗಜವೂ ಅವರ ವಶಕ್ಕೇ ಹೋಗಿದೆ. ಮಗಳು ಬಾಣಂತನಕ್ಕೆ ಬಂದಾಗ ಮಗುವಿನ ಲಂಗೋಟಿ ಒಣಗಿಸಲು ಅದಕ್ಕಿಂತ ನೇರವಾದ ಸರಳು ಮನೆಯಲ್ಲಿ ಸಿಗಲಿಲ್ಲವಂತೆ. ಮಂಗಗಳು ಬಂದಾಗ ಮೊದಲು ಲಂಗೋಟಿಗಳನ್ನು ಮಡಚಿ ಇಡಬೇಕು, ಆಮೇಲೆ ಯುದ್ಧ.

ಇಂಥ ಮನೆಗೆ ಟೆಕ್ಸಾಸ್‌ನಿಂದ ದೊಡ್ಡಮ್ಮನ ಮೊಮ್ಮಗ ಬಂದ. ಅವನ ಹವ್ಯಾಸ ಪಿಸ್ತೂಲಿನ ತೋಟಾಗಳನ್ನು ಮನೆಯಲ್ಲೇ ಮರುತುಂಬುವುದು. ಅಲ್ಲಿ ಸ್ವಂತ ಬಳಕೆಗೆ ಇದಕ್ಕೆ ಪರವಾನಗಿ ಬೇಕಿಲ್ಲ. ಗುರಿ ಅಭ್ಯಾಸ ಮುಗಿದ ಮೇಲೆ ನಾವು ಉದುರಡಿಕೆ ಹೆಕ್ಕುವ ಹಾಗೆ ಬಗ್ಗಿ ಬಗ್ಗಿ ಹಿತ್ತಾಳೆಯ ಖಾಲಿ ಕೋಶಗಳನ್ನು ಹೆಕ್ಕುತ್ತಾನಂತೆ. ತೋಟಾದಲ್ಲಿ ಇರುವುದು ನಾಲ್ಕೇ ವಸ್ತು: ಕೋಶ, ಕೇಪು, ಮದ್ದು, ಗುಂಡು. ಕೋಶ ಮಾತ್ರ ಮತ್ತೆ ಮತ್ತೆ ಬಳಕೆಗೆ ಬರುತ್ತದೆ. ಮದ್ದನ್ನು ಗ್ರೇನ್ ಲೆಕ್ಕದಲ್ಲಿ ತೂಗಬೇಕು. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಮೈಮರೆತು ಒಂದೇ ಕೋಶಕ್ಕೆ ಎರಡು ಸಲ ಸುರಿದರೆ ಪಿಸ್ತೂಲೇ ಒಡೆಯಬಹುದು. ಕೈ ಅಂದಾಜಿನಲ್ಲೇ ಬದುಕು ಸವೆಸಿದ ಚಿಕ್ಕಪ್ಪ ಇದನ್ನು ಕೇಳಿ, “ಇದು ಕೋವಿ ಕೆಲಸವಲ್ಲ ಮಾರಾಯ, ಅಕ್ಕಸಾಲಿಗನ ಕೆಲಸ” ಎಂದರು.

“ಸುತ್ತಿಗೆಯೂ ಬೇಕಾಗುತ್ತದೆ ಅಜ್ಜ” ಎಂದ ಹುಡುಗ. ಅವನ ಬಳಿ ಯಂತ್ರವಿಲ್ಲ, ಅಂಗೈಯಗಲದ ಪೆಟ್ಟಿಗೆಯಲ್ಲಿ ಹಿಡಿಸುವ ಕೈ ಸಲಕರಣೆ. ಅದರಲ್ಲಿ ಕೇಪನ್ನೂ ತಟ್ಟಿಯೇ ಕೂರಿಸಬೇಕು. ಸಿಡಿಯಬೇಕೆಂದೇ ಹುಟ್ಟಿದ ವಸ್ತುವನ್ನು ಸಿಡಿಯಬೇಡ ಎಂದು ಬೇಡಿಕೊಳ್ಳುತ್ತಾ ಸುತ್ತಿಗೆಯಿಂದ ಬಡಿಯುವುದನ್ನು ಹವ್ಯಾಸವೆಂದು ಕರೆಯಲು ನನಗೇನೋ ಮನಸ್ಸು ಬರುವುದಿಲ್ಲ. ಒಂದು ರಾತ್ರಿ ಊಟದ ಮೇಜಿನ ಮೇಲೆ ಅದು ಸಿಡಿದೇ ಬಿಟ್ಟಿತಂತೆ. ಕನ್ನಡಕ ಹಾಕಿದ್ದರಿಂದ ಕಣ್ಣಿಗೇನೂ ಆಗಲಿಲ್ಲ. ಹೆಂಡತಿ ಮಾತ್ರ ಮರುದಿನವೇ ಅವನ ಸಲಕರಣೆಯನ್ನು ಕಾರು ನಿಲ್ಲಿಸುವ ಕೊಟ್ಟಿಗೆಗೆ ಸಾಗಿಸಿದಳು. ಇದನ್ನು ಕೇಳಿದ ಚಿಕ್ಕಮ್ಮ, ನೋಡದ ಆ ಸೊಸೆಗೆಂದು ಒಂದು ಡಬ್ಬಿ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಸಿ ಕಳುಹಿಸಿದರು.

ಚಿಕ್ಕಪ್ಪನಿಗೆ ಆಸೆ ಚಿಗುರಿದ್ದು ನಿಜ. ಆದರೆ ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಿದೆ. ಪರವಾನಗಿ ಇಲ್ಲದೆ ಮನೆಯಲ್ಲಿ ತೋಟಾ ತಯಾರಿಸಿದರೆ ಮುಂದಿನ ಅಡಿಕೆ ಕೊಯ್ಲನ್ನು ಸೆರೆಮನೆಯಿಂದಲೇ ನಡೆಸಬೇಕಾದೀತು. ಇರುವ ಕೋವಿಯ ಕಾಗದಗಳನ್ನು ಸಾಕುವುದೇ ಸಾಕಾಗಿದೆ. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು ಎಂದು ಅವರು ಹಿಗ್ಗಿದ್ದರು. ಅಷ್ಟರಲ್ಲಿ 2023ರಲ್ಲಿ ವಿಧಾನಸಭೆ ಚುನಾವಣೆ, 2024ರಲ್ಲಿ ಲೋಕಸಭೆ ಚುನಾವಣೆ. ಎರಡು ಸಲವೂ ಕೋವಿಗೆ ಗೋಣಿ ಸುತ್ತಿ ಠಾಣೆಗೆ ಒಪ್ಪಿಸಿ ಬಂದರು. ಮತದಾನ ಎರಡು ಸಲವೂ ಮೇ ತಿಂಗಳಲ್ಲಿ, ಹಲಸು ಹಣ್ಣಾಗುವ ಕಾಲ. ನೀತಿಸಂಹಿತೆ ಮಂಗಗಳಿಗೆ ಅನ್ವಯಿಸುವುದಿಲ್ಲ.

ಎರಡನೆಯ ಸಲ ಕೋವಿ ಬಿಡಿಸಿಕೊಂಡು ನೋಡಿದರೆ ನಳಿಕೆಯೊಳಗೆ ಕಣಜದ ಹುಳು ಮಣ್ಣಿನ ಮನೆ ಕಟ್ಟಿತ್ತು. ಚಿಕ್ಕಪ್ಪ ಆಕ್ಷೇಪಿಸಿದರು. ಠಾಣೆಯವರು ರಸೀದಿ ಬಿಡಿಸಿ, ಕೋವಿ ಒಪ್ಪಿಸುವಾಗ ಹುಳು ಇರಲಿಲ್ಲ ಎಂದು ಎಲ್ಲಿಯೂ ಬರೆದಿಲ್ಲವಲ್ಲ ಎಂದರು. ಹಾಗಾದರೆ ಅದನ್ನೂ ಪರವಾನಗಿ ಪುಸ್ತಕದಲ್ಲಿ ನಮೂದಿಸಿಕೊಡಿ ಎಂದು ಚಿಕ್ಕಪ್ಪ ಹಠ ಹಿಡಿದರು.

“ಆಗಬಹುದು ಭಟ್ಟರೇ” ಎಂದರಂತೆ ಅವರು. “ಅರ್ಜಿ ಬರೆದು, ಹುಳುವಿನ ಎರಡು ಫೋಟೊ ತನ್ನಿ.”