ನಮಗೆ 60 ತಿಂಗಳು, ಅವರಿಗೆ 12

ಬೆಳಗ್ಗೆಯಿಂದ ತಲೆ ಕೆಟ್ಟು ಹೋಗಿದೆ. ಎಲ್ಲಾದರೂ ಹೇಳಿಕೊಳ್ಳದಿದ್ದರೆ ಊಟ ಸೇರುವುದಿಲ್ಲ.

ಅಪ್ಪನ ಜೀವನ್ ಪ್ರಮಾಣ ಮಾಡಿಸಲು ಹೋಗಿದ್ದೆ. ವರ್ಷಕ್ಕೊಮ್ಮೆ 'ಬದುಕಿದ್ದೀನಿ' ಅಂತ ತೋರಿಸಬೇಕು, ಇಲ್ಲಾಂದ್ರೆ ಪೆನ್ಷನ್ ನಿಲ್ಲುತ್ತದೆ. ಸೈಬರ್ ಸೆಂಟರ್ ಹುಡುಗ ಹೆಬ್ಬೆರಳು ಒತ್ತಿಸಿದ, ಬಟ್ಟೆಯಲ್ಲಿ ಒರೆಸಿದ, ಮತ್ತೆ ಒತ್ತಿಸಿದ. ಹತ್ತೂ ಬೆರಳು ಮುಗಿದವು. ಗುರುತು ಸಿಗಲೇ ಇಲ್ಲ. ಎಲ್ಲಿಂದ ಸಿಗಬೇಕು? 22 ವರ್ಷ ಪೀಣ್ಯದಲ್ಲಿ ಲೇತ್ ಮುಂದೆ ನಿಂತ ಕೈ ಅದು, ಗೆರೆಗಳೆಲ್ಲ ಸವೆದು ಹೋಗಿವೆ. ಕೊನೆಗೆ ಫೋನನ್ನು ಮುಖಕ್ಕೆ ಹಿಡಿದು 'ಕಣ್ಣು ಮಿಟುಕಿಸಿ ಅಂಕಲ್' ಅಂದ. ಅಪ್ಪ ಉಸಿರು ಬಿಗಿ ಹಿಡಿದು ಮಿಟುಕಿಸಿದರು. ಆಯ್ತು, ಬದುಕಿದ್ದಾರೆ. 50 ರೂಪಾಯಿ ಕೊಡಿ.

ಇಷ್ಟು ಒದ್ದಾಡಿದ್ದು ಎಷ್ಟಕ್ಕೆ ಗೊತ್ತಾ? ತಿಂಗಳಿಗೆ 3,000ಕ್ಕೂ ಸ್ವಲ್ಪ ಕಮ್ಮಿ. 2019ರಲ್ಲಿ ರಿಟೈರ್ ಆದಾಗ ಎಷ್ಟು ಬಂತೋ ಇವತ್ತಿಗೂ ಅಷ್ಟೇ. ಬಿಪಿ ಮಾತ್ರೆ ರೇಟು ಏರಿತು, ಹಾಲು ಏರಿತು, ಇದು ಮಾತ್ರ ಒಂದು ರೂಪಾಯಿ ಅಲ್ಲಾಡಿಲ್ಲ. ಪಿಎಫ್ ಕಟ್ಟುವ ಕಂಪನಿ ನೌಕರರ ಪೆನ್ಷನ್ ಯೋಜನೆ ಇದು, ಹೆಸರು ಇಪಿಎಸ್-95. ಇದರಲ್ಲಿ ತುಟ್ಟಿಭತ್ಯೆ ಅನ್ನೋ ಮಾತೇ ಇಲ್ಲ.

ಲೆಕ್ಕ ಇನ್ನೂ ಚೆನ್ನಾಗಿದೆ. ಕಂಪನಿ ನಮ್ಮ ಹೆಸರಿಗೆ ಪಿಎಫ್ ಅಂತ ಕಟ್ಟುವ ಸಂಬಳದ 12%ರಲ್ಲಿ 8.33% ಪೆನ್ಷನ್ ಫಂಡ್‌ಗೆ ಹೋಗುತ್ತದೆ. ಆದರೆ ಪೂರ್ತಿ ಸಂಬಳದ ಮೇಲೆ ಅಲ್ಲ, ಸರ್ಕಾರ ಹಾಕಿದ ಮಿತಿಯ ಮೇಲೆ. 2001ರಲ್ಲಿ ತಿಂಗಳಿಗೆ 6,500 ಅಂತ ಇಟ್ಟರು. 2014ರ ಸೆಪ್ಟೆಂಬರ್‌ವರೆಗೆ, ಅಂದರೆ 13 ವರ್ಷ, ಅದನ್ನು ಮುಟ್ಟಲೇ ಇಲ್ಲ. ಆಮೇಲೆ 15,000. ಹಾಗಂತ ಹಳೇ ಸರ್ವಿಸ್‌ಗೂ 15,000 ಸಿಗುತ್ತದೆ ಅಂದುಕೊಳ್ಳಬೇಡಿ. ಅದಕ್ಕೆ 6,500ರ ಲೆಕ್ಕವೇ. ಅದನ್ನು ಸರ್ವಿಸ್ ಮಾಡಿದ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಿ. ಅಪ್ಪನ ಮೊದಲ 17 ವರ್ಷಕ್ಕೆ ತಿಂಗಳಿಗೆ ಬರುವುದು 1,579 ರೂಪಾಯಿ!

ನನಗೆ ನಿಜವಾಗಿ ಉರಿಯುವುದು ಇದಲ್ಲ. ಅದೇ 2014ರಲ್ಲಿ ಇನ್ನೊಂದು ರೂಲ್ ಸದ್ದಿಲ್ಲದೆ ಬದಲಾಯಿಸಿದರು. ಮೊದಲು ಪೆನ್ಷನ್‌ಗೆ ಕೊನೆಯ 12 ತಿಂಗಳ ಸಂಬಳದ ಸರಾಸರಿ ಹಿಡಿಯುತ್ತಿದ್ದರು. ಅದನ್ನು 60 ತಿಂಗಳು ಮಾಡಿದರು. ಐದು ವರ್ಷ ಹಿಂದಿನ ಸಂಬಳ ಸೇರಿಸಿದರೆ ಸರಾಸರಿ ಇಳಿಯುತ್ತೆ ಅಲ್ವಾ? 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಸರಿ ಅಂದಿತು. ಹೋಗಲಿ ಬಿಡಿ ಅಂತ ಸುಮ್ಮನಿದ್ದೆ. ಆಮೇಲೆ 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ ಯುಪಿಎಸ್ ಅನ್ನೋ ಹೊಸ ಪೆನ್ಷನ್ ಯೋಜನೆ ಬಂತು. ಅವರ ಪೆನ್ಷನ್‌ಗೆ ಎಷ್ಟು ತಿಂಗಳ ಸರಾಸರಿ? 12! ಹತ್ತು ವರ್ಷ ಸರ್ವಿಸ್ ಆಗಿದ್ದರೆ ಕನಿಷ್ಠ 10,000. ನಮ್ಮವರ ಕನಿಷ್ಠ 2014ರಲ್ಲಿ 1,000 ಅಂತ ಇಟ್ಟಿದ್ದು, ಅಲ್ಲೇ ಕೂತಿದೆ. 3,000 ಕೊಡಿ ಅಂತ ಸಂಸತ್ತಿನ ಕೋಶಿಯಾರಿ ಸಮಿತಿ 2013ರಲ್ಲೇ ಹೇಳಿತ್ತು. ಪಕ್ಕದ ಮನೆ ಆಂಟಿ ಗಾರ್ಮೆಂಟ್ಸ್‌ನಲ್ಲಿ ಬೆನ್ನು ಮುರಿದುಕೊಂಡರು, ಅವರಿಗೂ ಅದೇ ಸಾವಿರ.

ಅವರಿಗೆ ಸರ್ಕಾರವೇ ಯಜಮಾನ, ಹಾಗಾಗಿ ಜಾಸ್ತಿ ಹಾಕುತ್ತದೆ, ಒಪ್ಪಿದೆ. ಸರ್ಕಾರಿ ನೌಕರರ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಅವರಿಗೆ ಸಂಬಳದ 18.5%, ನಮ್ಮ ಫಂಡ್‌ಗೆ 1.16% ಹಾಕಿ, ಕಟ್ಟುವ ಸಂಬಳಕ್ಕೂ ತಾವೇ ಮಿತಿ ಹಾಕಿ, ಆಮೇಲೆ 'ಫಂಡ್‌ನಲ್ಲಿ ದುಡ್ಡು ಸಾಲಲ್ಲ' ಅಂದರೆ ಹೇಗೆ ಸ್ವಾಮಿ?

ಮಿತಿಯ ಬದಲು ಪೂರ್ತಿ ಸಂಬಳದ ಲೆಕ್ಕದಲ್ಲಿ ಹೆಚ್ಚಿನ ಪೆನ್ಷನ್‌ಗೆ ಅರ್ಜಿ ಹಾಕಬಹುದು ಅಂದಾಗ ಅಪ್ಪ 2023ರಲ್ಲಿ ಹಾಕಿದರು. ಕಂಪನಿಯವರು ಹಳೇ ಸಂಬಳದ ಲೆಕ್ಕ ಅಪ್‌ಲೋಡ್ ಮಾಡಬೇಕಿತ್ತು. ಅವರ ಗಡುವು ಮುಂದೆ ಹೋಗುತ್ತಲೇ ಇತ್ತು, ಕೊನೆಗೆ 2025ರ ಜನವರಿ 31ಕ್ಕೆ ಬಂತು. ಅಷ್ಟರಲ್ಲಿ ಅಲ್ಲಿ ಮೂರು ಎಚ್‌ಆರ್ ಬದಲಾದರು. ಫೋನ್ ಮಾಡಿದರೆ 'ಹಳೇ ರಿಜಿಸ್ಟರ್ ಗೋಡೌನ್‌ನಲ್ಲಿದೆ ಸರ್, ಗೆದ್ದಲು ಹಿಡಿದಿದೆ' ಅನ್ನುತ್ತಾರೆ.

ಅಪ್ಪನ ಹತ್ತಿರ ಪ್ರತಿ ಸಂಬಳದ ಚೀಟಿಯೂ ಇದೆ. ಬಿಸ್ಕತ್ ಡಬ್ಬಿಯಲ್ಲಿ, ವರ್ಷವಾರು ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದಾರೆ. ಇವತ್ತು ಮನೆಗೆ ಬಂದವರೇ ಡಬ್ಬಿ ತೆಗೆದು ಕೂತಿದ್ದಾರೆ. 'ಕಂಪನಿ ಕೊಡದಿದ್ದರೆ ಇದನ್ನೇ ತಗೋತಾರೇನೋ ಕೇಳು' ಅಂತಾರೆ. ಯಾರನ್ನ ಕೇಳಲಿ?