ಹುಡುಗಿಯರ ಹಾಡು ಎಲ್ಲಿ ಹೋಯಿತು?

ಶನಿವಾರ ರಾತ್ರಿಯಿಂದ ತಲೆ ಬಿಸಿಯಾಗಿದೆ. ಇಲ್ಲಿ ಬರೆಯದೆ ಹೋದರೆ ಮನೆಯವರ ಮೇಲೆ ಸುಮ್ನೆ ರೇಗುತ್ತೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಗೆಳತಿಯ ಮನೆಯಲ್ಲಿ ಊಟ ಆದ ಮೇಲೆ 'ದಿ ಬೆಸ್ಟ್ ಲಿಟಲ್ ಹೋರ್‌ಹೌಸ್ ಇನ್ ಟೆಕ್ಸಾಸ್' ಹಾಕಿದರು. 1982ರ ಸಿನಿಮಾ, ಟೆಕ್ಸಾಸಿನ ಒಂದು ವೇಶ್ಯಾಗೃಹದ ಕಥೆ. ಆ ಮನೆಯ ಒಡತಿ ಮೋನಾ ಆಗಿ ಹಾಡುಗಾರ್ತಿ ಡಾಲಿ ಪಾರ್ಟನ್, ಊರಿನ ಷೆರಿಫ್, ಅಂದರೆ ಪೊಲೀಸ್ ಅಧಿಕಾರಿ, ಆಗಿ ಬರ್ಟ್ ರೆನಾಲ್ಡ್ಸ್. ಹ್ಯೂಸ್ಟನ್ನಿನಲ್ಲಿ ಇಷ್ಟು ವರ್ಷದಿಂದ ಇದ್ದೀವಿ, ಇದನ್ನು ನೋಡಿಲ್ಲ ಅಂದ್ರೆ ಹೇಗೆ ಅಂತ ಅವರ ಯಜಮಾನರ ಹಠ. ಮುಗಿದ ಮೇಲೆ ಒಬ್ಬೊಬ್ಬರಾಗಿ ಶುರು ಮಾಡಿದರು. "ಮಕ್ಕಳು ಮೇಲೆ ಮಲಗಿದ್ದು ಒಳ್ಳೇದಾಯ್ತು ಅಕ್ಕಾ, ಇದೇನು ಇಂಥಾ ಪಿಕ್ಚರ್" ಅಂತ ಒಬ್ಬಳು. "ಇಷ್ಟೇನಾ? ಹೆಸರು ಕೇಳಿ ಏನೇನೋ ಅಂದ್ಕೊಂಡಿದ್ದೆ" ಅಂತ ಇನ್ನೊಬ್ಬ ಮಹಾನುಭಾವರು. "ಡಾಲಿ ಬಟ್ಟೆ ನೋಡಿದ್ರಾ, ಡಾಲಿ ದನಿ ಕೇಳಿದ್ರಾ" ಅಂತ ಉಳಿದವರು. ಪೋಲಿ ಜಾಸ್ತಿಯಾಯಿತಾ, ಕಮ್ಮಿಯಾಯಿತಾ ಅನ್ನುವುದರ ಮೇಲೆ ಒಂದು ಗಂಟೆ ಚರ್ಚೆ ನಡೆಯಿತು. ಆ ಮನೆಯಲ್ಲಿದ್ದ ಹುಡುಗಿಯರ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ. ಒಬ್ಬರೂ!

ಅವರನ್ನು ಬೈದು ಪ್ರಯೋಜನ ಇಲ್ಲ. ಸಿನಿಮಾನೇ ಆ ಹುಡುಗಿಯರನ್ನು ಮರೆತಿದೆ. ನೋಡುವವರು ಎಲ್ಲಿಂದ ನೆನಪಿಟ್ಟುಕೊಳ್ಳಬೇಕು?

ಈ ಸಿನಿಮಾಗೆ ಮೂಲ ಅದೇ ಹೆಸರಿನ ಒಂದು ಸಂಗೀತ ನಾಟಕ. ಅದು ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹ್ಯೂಸ್ಟನ್ನಿನಿಂದ ಆಸ್ಟಿನ್ನಿಗೆ ಹೋಗುವಾಗ 71ನೇ ಹೆದ್ದಾರಿ ಹಿಡಿದರೆ ಲಾ ಗ್ರೇಂಜ್ ಅಂತ ಒಂದು ಸಣ್ಣ ಊರು ಸಿಗುತ್ತದೆ. ಇಲ್ಲಿಯ ನಮ್ಮವರು ಎಷ್ಟೋ ಜನ ಆ ಊರು ದಾಟಿರುತ್ತೀರಿ, ಕಾಫಿಗೂ ನಿಲ್ಲಿಸಿರುತ್ತೀರಿ. ಅದರ ಹೊರಗೆ ಚಿಕನ್ ರ‍್ಯಾಂಚ್ ಅನ್ನುವ ವೇಶ್ಯಾಗೃಹ ಇತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ರೈತರ ಕೈಯಲ್ಲಿ ದುಡ್ಡು ಇರಲಿಲ್ಲ. ದುಡ್ಡಿನ ಬದಲು ಕೋಳಿ ಕೊಟ್ಟು ಹೋಗುತ್ತಿದ್ದರು, ಅದಕ್ಕೇ ಆ ಹೆಸರು. ಊರಿನ ಷೆರಿಫನಿಗೆ ಗೊತ್ತು, ರಾಜಕಾರಣಿಗಳಿಗೆ ಗೊತ್ತು, ಕಾಲೇಜು ಹುಡುಗರಿಗಂತೂ ಚೆನ್ನಾಗಿಯೇ ಗೊತ್ತು. 1973ರಲ್ಲಿ ಹ್ಯೂಸ್ಟನ್ನಿನ ಟಿವಿ ವರದಿಗಾರ ಮಾರ್ವಿನ್ ಜಿಂಡ್ಲರ್ ಅದನ್ನು ಪರದೆಯ ಮೇಲೆ ತಂದು ಗದ್ದಲ ಎಬ್ಬಿಸಿದ. ಗವರ್ನರ್ ಡಾಲ್ಫ್ ಬ್ರಿಸ್ಕೋ ಮುಚ್ಚಿಸಿ ಅಂದರು. ಆಗಸ್ಟ್ ಆರಂಭದಲ್ಲಿ ಬಾಗಿಲು ಬಿತ್ತು.

ಲ್ಯಾರಿ ಎಲ್. ಕಿಂಗ್ ಅನ್ನುವ ಟೆಕ್ಸಾಸ್ ಪತ್ರಕರ್ತ 1974ರಲ್ಲಿ ಈ ಬಗ್ಗೆ ಪ್ಲೇಬಾಯ್ ಪತ್ರಿಕೆಗೆ ಬರೆದ. ಅದನ್ನೇ ಅವನು ಮತ್ತು ಪೀಟರ್ ಮಾಸ್ಟರ್ಸನ್ ಸೇರಿ ನಾಟಕ ಮಾಡಿದರು. ಹಾಡು ಬರೆದು ಸಂಗೀತ ಕೂಡಿಸಿದ್ದು ಕ್ಯಾರಲ್ ಹಾಲ್. ಆಕೆಯೂ ಟೆಕ್ಸಾಸಿನವಳೇ, ಅಬಿಲೀನ್ ಊರಿನವಳು. 1978ರಲ್ಲಿ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬ್ರಾಡ್‌ವೇಗೆ ಬಂತು, 1,500ಕ್ಕೂ ಜಾಸ್ತಿ ಪ್ರದರ್ಶನ ಕಂಡಿತು. ಚಿಕನ್ ರ‍್ಯಾಂಚನ್ನು ಕೊನೆಯವರೆಗೂ ನಡೆಸಿದ ಎಡ್ನಾ ಮಿಲ್ಟನ್‌ಗೆ ಆ ನಾಟಕದಲ್ಲಿ ಒಂದು ಸಣ್ಣ ಪಾತ್ರ ಕೊಟ್ಟಿದ್ದರು. ಯಾವ ಮನೆಯನ್ನು ಗವರ್ನರ್ ಮುಚ್ಚಿಸಿದರೋ ಆ ಮನೆಯ ಒಡತಿ ನ್ಯೂಯಾರ್ಕಿನ ರಂಗದ ಮೇಲೆ ಬಂದು ನಿಂತಳು. ನನಗೆ ಇದು ಬಹಳ ದೊಡ್ಡ ವಿಷಯ.

ಈಗ ನನ್ನ ಜಗಳಕ್ಕೆ ಬರುತ್ತೇನೆ.

ನಾಟಕದಲ್ಲಿ ಹೆಂಗಸರಿಗೆ ಒಬ್ಬೊಬ್ಬರಿಗೂ ಹಾಡಿದೆ. ಹಳ್ಳಿಯಿಂದ ಹೊಸದಾಗಿ ಬಂದ ಶೈ ಅನ್ನುವ ಹುಡುಗಿಗೆ ಬಟ್ಟೆ ತೊಡಿಸಿ, ತಲೆ ಬಾಚಿ, ಅವಳನ್ನು ಬೇರೆಯೇ ಮಾಡಿ ನಿಲ್ಲಿಸುವ 'ಗರ್ಲ್, ಯು ಆರ್ ಎ ವುಮನ್' ಇದೆ. ಮನೆಕೆಲಸದ ಜುವೆಲ್ ಅನ್ನುವ ಕಪ್ಪು ಹೆಂಗಸು ತನ್ನ ರಜಾ ದಿನವನ್ನು ತನ್ನ ಗಂಡಸಿನ ಜೊತೆ ಹೇಗೆ ಕಳೆಯುತ್ತೇನೆ ಅಂತ ಎದೆ ತುಂಬಿ ಹಾಡುವ 'ಟ್ವೆಂಟಿ ಫೋರ್ ಅವರ್ಸ್ ಆಫ್ ಲವಿನ್' ಇದೆ. ಒಡತಿ ಮೋನಾ ತಾನು ಬಸ್ಸು ಹತ್ತಿದ ಕಾಲವನ್ನು ನೆನೆಯುವ 'ದಿ ಬಸ್ ಫ್ರಮ್ ಅಮರಿಲೋ' ಇದೆ. ಈ ಮೂರು ಹಾಡೂ ಸಿನಿಮಾದಲ್ಲಿ ಇಲ್ಲ. ಕತ್ತರಿಸಿ ಬಿಸಾಡಿದ್ದಾರೆ.

ಎಲ್ಲಕ್ಕಿಂತ ಜಾಸ್ತಿ ಹೊಟ್ಟೆ ಉರಿಯುವುದು 'ಡೋಟ್ಸಿ ಮೇ' ಹಾಡಿಗೆ. ಡೋಟ್ಸಿ ಮೇ ಆ ಮನೆಯವಳಲ್ಲ. ಊರಿನ ಕೆಫೆಯಲ್ಲಿ ಕಾಫಿ ಕೊಡುವವಳು. ಗಂಡಸರೆಲ್ಲ ಅವಳ ಕೆಫೆಯಲ್ಲಿ ಕೂತು ಆ ಮನೆಯನ್ನು ಏನು ಮಾಡಬೇಕು ಅಂತ ವಾದ ಮಾಡುತ್ತಾರೆ, ಅವಳು ಕಪ್ಪು ತುಂಬುತ್ತಾ ಓಡಾಡುತ್ತಾಳೆ. ಇದ್ದಕ್ಕಿದ್ದಂತೆ ನಿಂತು ಹಾಡುತ್ತಾಳೆ. ತನಗೂ ಒಂದು ಕಾಲದಲ್ಲಿ ಯಾರಿಗೂ ಹೆದರದ, ಊರು ಕಣ್ಣು ಬಿಟ್ಟು ನೋಡುವಂಥ ಹೆಣ್ಣಾಗಬೇಕು ಅಂತ ಆಸೆ ಇತ್ತು, ಆಗಲಿಲ್ಲ, ಯಾರೂ ಅವಳಲ್ಲಿ ಅಂಥದ್ದನ್ನು ಕಾಣಲೂ ಇಲ್ಲ. ಇಷ್ಟೇ ಹಾಡು. ಅಬ್ಬರ ಇಲ್ಲ, ಕುಣಿತ ಇಲ್ಲ. ಹಾಡು ಮುಗಿದರೆ ಮತ್ತೆ ಕೆಲಸ. ಇಡೀ ನಾಟಕದಲ್ಲಿ ಆ ಮನೆಗೂ ಊರಿನ ಗರತಿಯರಿಗೂ ನಡುವೆ ಇರುವ ಗೋಡೆ ಅಲುಗಾಡುವುದು ಆ ಹಾಡಿನಲ್ಲಿ ಮಾತ್ರ. ಸಿನಿಮಾದಲ್ಲಿ ಆ ಪಾತ್ರದ ಹೆಸರು ಡಲ್ಸಿ ಮೇ ಆಗಿದೆ, ಷೆರಿಫನ ಇನ್ನೊಬ್ಬ ಗೆಳತಿ ಆಗಿದ್ದಾಳೆ. ಹಾಡು ಹೋಯಿತು. ಅವನ ಜೊತೆ ನಂಟು ಬಂತು.

ಒಂದು ಮಾತು ಹೇಳುತ್ತೇನೆ, ಇಲ್ಲಿರುವ ಹಳೇ ಗೆಳತಿಯರಿಗೂ ಇದು ಗೊತ್ತಿಲ್ಲ. ನಾನು ಗದಗಿನವಳು ಅಂತ ನಿಮಗೆಲ್ಲ ಗೊತ್ತು. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆಗೆ ಹೋಗುತ್ತಿದ್ದೆವು. ಅಲ್ಲಿ ಸಾಲಾಗಿ ನಾಟಕ ಕಂಪನಿಗಳು ಬೀಡು ಬಿಡುತ್ತವೆ. ಆ ನಾಟಕಗಳ ಡಬಲ್ ಮೀನಿಂಗ್ ಡೈಲಾಗು, ಪೋಲಿ ಹಾಡು ಯಾರಿಗೆ ಗೊತ್ತಿಲ್ಲ? ನಮ್ಮ ಅತ್ತೆ, ದೊಡ್ಡಮ್ಮ ಎಲ್ಲ ಮುಂದೆ ಕೂತು ನೋಡಿದವರೇ. ಒಂದು ವರ್ಷ ಹಾಸ್ಯದ ಪಾರ್ಟು ಮಾಡಿದ ಹೆಂಗಸೊಬ್ಬಳು ಸೊಂಟದ ಮೇಲೆ ಕೈ ಇಟ್ಟು ಊರ ಗೌಡನ ಪಾತ್ರಧಾರಿಗೆ ಒಂದು ಮಾತು ಹೇಳಿದಳು. ಮಾತು ಇಲ್ಲಿ ಬರೆಯುವಂಥದ್ದಲ್ಲ. ಡೇರೆಗೆ ಡೇರೆನೇ ನಕ್ಕಿತು, ಗೌಡ ತಲೆ ತಗ್ಗಿಸಿ ನಿಂತ. ಆವತ್ತು ನನಗೆ ಅವಳ ಹಾಗೆ ಆಗಬೇಕು ಅನಿಸಿತ್ತು. ಕಂಪನಿ ಸೇರಬೇಕು, ಹಾಗೆ ಸೊಂಟದ ಮೇಲೆ ಕೈ ಇಟ್ಟು ಮಾತಾಡಬೇಕು ಅಂತ. ಯಾರಿಗೂ ಹೇಳಲಿಲ್ಲ. ಹೇಳುವ ಹಾಗೂ ಇರಲಿಲ್ಲ. ನಾಟಕದ ಹೆಂಗಸರನ್ನು ನಮ್ಮ ಓಣಿಯಲ್ಲಿ ಏನಂತ ಕರೆಯುತ್ತಿದ್ದರು ಅಂತ ನಿಮಗೂ ಗೊತ್ತು. ಡೋಟ್ಸಿ ಮೇ ಹಾಡು ಮೊದಲ ಸಲ ಕೇಳಿದಾಗ ನನಗೆ ಅಳು ಬಂತು.

ಅದಕ್ಕೇ ಪೋಲಿತನ ಅಂದರೆ ನನಗೆ ಮೈಲಿಗೆ ಇಲ್ಲ. ಹೆಣ್ಣಿನ ಬಾಯಲ್ಲಿ ಪೋಲಿ ಮಾತು ಬಂದರೆ ಎದುರಿಗಿನ ದೊಡ್ಡ ಮನುಷ್ಯನ ಬಣ್ಣ ಕಳಚುತ್ತದೆ. ಅದು ಅವಳ ಕೈಯಲ್ಲಿರುವ ಆಯುಧ. ಈ ಸಿನಿಮಾದಲ್ಲಿ ಪೋಲಿ ಉಳಿದಿದೆ, ಆದರೆ ಹುಡುಗಿಯರ ಬಾಯಿಂದ ಕಿತ್ತು ಕ್ಯಾಮೆರಾಗೆ ಕೊಟ್ಟಿದ್ದಾರೆ. ಅವರು ಓಡುತ್ತಾರೆ, ಕಿರುಚುತ್ತಾರೆ, ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲುತ್ತಾರೆ. ಸಿನಿಮಾ ಮುಗಿದ ಮೇಲೆ ಅವರಲ್ಲಿ ನಾಲ್ಕು ಜನರ ಹೆಸರು ಹೇಳಿ ಅಂತ ಶನಿವಾರ ಕೇಳಿದೆ. ಯಾರಿಗೂ ಬರಲಿಲ್ಲ.

ಕತ್ತರಿಸಿದ ಜಾಗದಲ್ಲಿ ಬಂದದ್ದು ಏನು? ಡಾಲಿಯ ಎರಡು ಹಾಡು. ಒಂದು 'ಸ್ನೀಕಿನ್ ಅರೌಂಡ್', ಷೆರಿಫನ ಜೊತೆ ಹಾಸಿಗೆಯ ಸಲ್ಲಾಪ. ಇನ್ನೊಂದು 'ಐ ವಿಲ್ ಆಲ್ವೇಸ್ ಲವ್ ಯೂ'. ಹೌದು, 1992ರಲ್ಲಿ ವಿಟ್ನಿ ಹ್ಯೂಸ್ಟನ್ ಹಾಡಿ ಜಗತ್ತಿಗೆಲ್ಲ ಮುಟ್ಟಿಸಿದ ಅದೇ ಹಾಡು. ಡಾಲಿ ಅದನ್ನು ಬರೆದದ್ದು ತನ್ನ ಗುರುವಿನಂತಿದ್ದ ಪೋರ್ಟರ್ ವ್ಯಾಗನರ್ ತಂಡ ಬಿಟ್ಟು ಹೊರಡುವಾಗ. 1974ರಲ್ಲೇ ಹಿಟ್ ಆಗಿತ್ತು. ಈ ಸಿನಿಮಾಗೆ ಮತ್ತೆ ಹಾಡಿದಳು, 1982ರಲ್ಲಿ ಮತ್ತೊಮ್ಮೆ ಅಮೆರಿಕದ ಕಂಟ್ರಿ ಶೈಲಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅಪರೂಪದ ಹಾಡು, ನನ್ನ ಕಣ್ಣೂ ಒದ್ದೆಯಾಗುತ್ತದೆ. ಆದರೆ ಅದು ಈ ಕಥೆಯ ಹಾಡಲ್ಲ. ಮನೆ ಮುಚ್ಚಿದೆ, ಹುಡುಗಿಯರು ಪೆಟ್ಟಿಗೆ ಕಟ್ಟಿಕೊಂಡು ದಿಕ್ಕಿಗೊಬ್ಬರಂತೆ ಹೊರಟಿದ್ದಾರೆ, ಆ ಹೊತ್ತಿನಲ್ಲಿ ಕ್ಯಾಮೆರಾ ನೋಡುವುದು ಮೋನಾ, ಷೆರಿಫ್ ಇವರಿಬ್ಬರ ಪ್ರೇಮ ಏನಾಯಿತು ಅಂತ. ಬೇರೆಯಾದರು ಅನ್ನುವಷ್ಟರಲ್ಲಿ ಷೆರಿಫ್ ವಾಪಸ್ ಬಂದು ಮದುವೆಯಾಗು ಅನ್ನುತ್ತಾನೆ. ನಾಟಕದಲ್ಲಿ ಮದುವೆ ಇಲ್ಲ. ಅವರಿಬ್ಬರ ನಡುವೆ ಇದ್ದದ್ದು ಯಾವತ್ತೋ ಹಳೆಯ ಕಾಲದ ಒಂದು ನೆನಪು ಅಷ್ಟೇ, ಅದನ್ನು ಬಾಯಿಬಿಟ್ಟು ಹೇಳಲೂ ಇಬ್ಬರಿಗೂ ಬರುವುದಿಲ್ಲ. ಬ್ರಾಡ್‌ವೇಯಲ್ಲಿ ಮೋನಾ ಪಾತ್ರ ಮಾಡಿದ ಕಾರ್ಲಿನ್ ಗ್ಲಿನ್, ಷೆರಿಫ್ ಪಾತ್ರದ ಹೆಂಡರ್ಸನ್ ಫೋರ್ಸೈತ್ ಇಬ್ಬರಿಗೂ ರಂಗಭೂಮಿಯ ಟೋನಿ ಪ್ರಶಸ್ತಿ ಬಂತು.

ಹುಡುಗಿಯರಿಗೆ ಉಳಿದದ್ದು 'ಹಾರ್ಡ್ ಕ್ಯಾಂಡಿ ಕ್ರಿಸ್‌ಮಸ್'. ಮನೆ ಬಿಡುವ ದಿನದ ಹಾಡು. ಒಬ್ಬಳು ಕೂದಲಿಗೆ ಬಣ್ಣ ಹಾಕಿಸೋಣ ಅನ್ನುತ್ತಾಳೆ, ಇನ್ನೊಬ್ಬಳು ಬೇರೆ ಊರಿಗೆ ಹೋಗೋಣ ಅನ್ನುತ್ತಾಳೆ, ಎಲ್ಲವೂ ಇರಬಹುದು, ನೋಡೋಣ ಅನ್ನುವ ಮಾತುಗಳು. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ. ನಾಟಕದಲ್ಲಿ ಇದು ಅವರದೇ ಹಾಡು. ಸಿನಿಮಾದಲ್ಲಿ ಡಾಲಿಯ ದನಿಯೂ ಸೇರಿತು. ಆಮೇಲೆ ರೇಡಿಯೋಗೆ ಹೋದದ್ದು ಡಾಲಿ ಒಬ್ಬಳೇ ಹಾಡಿದ್ದು. ಈಗ ಡಿಸೆಂಬರ್ ಬಂತೆಂದರೆ ಇಲ್ಲಿಯ ಅಂಗಡಿಗಳಲ್ಲಿ ಅದು ಕೇಳುತ್ತದೆ. ಹಬ್ಬದ ಹಾಡು ಅಂತ ಜನ ಗುನುಗುತ್ತಾ ತಳ್ಳುಗಾಡಿಗೆ ಸಾಮಾನು ತುಂಬುತ್ತಾರೆ. ಬೀದಿಗೆ ಬಿದ್ದ ಹುಡುಗಿಯರ ಹಾಡು ಅಂತ ಎಷ್ಟು ಜನಕ್ಕೆ ಗೊತ್ತು?

ಶನಿವಾರ ನಾನು ಇಷ್ಟು ಹೇಳುವ ಹೊತ್ತಿಗೆ ಗೆಳತಿಯ ಯಜಮಾನರು, "ಅಲ್ಲ ಮೇಡಂ, ನಾಟಕ ಬೇರೆ ಸಿನಿಮಾ ಬೇರೆ. ಡಾಲಿ, ಬರ್ಟ್ ಇಲ್ಲದಿದ್ದರೆ ದುಡ್ಡು ಹಾಕೋರು ಯಾರು? ಇಬ್ಬರು ಸ್ಟಾರ್ ಇದ್ದ ಮೇಲೆ ಪ್ರೇಮ ಬೇಡ್ವಾ?" ಅಂದರು. ಸರಿ, ಸ್ಟಾರ್ ಬೇಕು. ಪ್ರೇಮವೂ ಇರಲಿ. ಆದರೆ ಡೋಟ್ಸಿ ಮೇಗೆ ಒಂದು ಹಾಡಿನಷ್ಟು ಜಾಗ ಬಿಟ್ಟಿದ್ದರೆ ಯಾವ ಸ್ಟಾರಿಗೆ ಏನು ಕಮ್ಮಿ ಆಗುತ್ತಿತ್ತು? ಡಾಲಿಯಂಥ ಹಾಡುಗಾರ್ತಿ ಕೈಯಲ್ಲಿದ್ದೂ 'ಬಸ್ ಫ್ರಮ್ ಅಮರಿಲೋ' ಕೈಬಿಟ್ಟರು ಅಂದರೆ ಅದಕ್ಕೆ ದುಡ್ಡಿನ ಕಾರಣ ಹೇಳಲು ಬರುವುದಿಲ್ಲ. ಮೂಲ ಬರೆದ ಕಿಂಗ್‌ಗೇ ಈ ಸಿನಿಮಾ ಮೆಚ್ಚುಗೆಯಾಗಲಿಲ್ಲ.

ಇನ್ನೊಬ್ಬಳು, "ನಾಟಕಾನೂ ವೇಶ್ಯಾಗೃಹಾನ ಚಂದ ಮಾಡಿ ತೋರಿಸಿದೆ ಅಲ್ವಾ, ಅಲ್ಲಿಯ ನೋವು ಎಲ್ಲಿದೆ?" ಅಂದಳು. ಇದು ಒಳ್ಳೆಯ ಪ್ರಶ್ನೆ, ಒಪ್ಪುತ್ತೇನೆ. ಗಂಡಸರಿಬ್ಬರು ಬರೆದ ಕಥೆ, ಆ ಮನೆಯಲ್ಲಿ ನಗು ಜಾಸ್ತಿ, ಏಟು ಕಮ್ಮಿ. ಆದರೆ ಅದರೊಳಗೆ ನೋವು ಇದ್ದದ್ದು ಹಾಡುಗಳಲ್ಲಿ, ಆ ಹಾಡು ಬರೆದದ್ದು ಒಬ್ಬ ಹೆಂಗಸು, ಕತ್ತರಿ ಬಿದ್ದದ್ದು ಅವುಗಳಿಗೇ. ಹಾಗಾಗಿ ಆ ಪ್ರಶ್ನೆ ನನ್ನ ಸಿಟ್ಟನ್ನು ಇನ್ನೂ ಜಾಸ್ತಿ ಮಾಡಿತು.

ಸಿನಿಮಾದಲ್ಲಿ ಚೆನ್ನಾಗಿರುವುದನ್ನು ಚೆನ್ನಾಗಿದೆ ಅನ್ನದಿದ್ದರೆ ಅನ್ಯಾಯ. ಗವರ್ನರ್ ಆಗಿ ಚಾರ್ಲ್ಸ್ ಡರ್ನಿಂಗ್ ಮಾಡುವ 'ದಿ ಸೈಡ್‌ಸ್ಟೆಪ್' ಇದೆಯಲ್ಲ, ಅದನ್ನು ಎಷ್ಟು ಸಲ ನೋಡಿದರೂ ಸಾಲದು. ಬೆಳ್ಳಿ ಕೂದಲಿನ ಭಾರೀ ಶರೀರದ ಮನುಷ್ಯ. ಪತ್ರಕರ್ತರು ಮುತ್ತಿಕೊಂಡು ಆ ಮನೆಯ ಬಗ್ಗೆ ನಿಮ್ಮ ನಿಲುವು ಏನು ಅನ್ನುತ್ತಾರೆ. ಅವನು ಒಂದು ಪ್ರಶ್ನೆಗೂ ಉತ್ತರ ಕೊಡುವುದಿಲ್ಲ, ಪಕ್ಕಕ್ಕೆ ಒಂದು ಹೆಜ್ಜೆ ಹಾಕುತ್ತಾನೆ, ಜಾರುತ್ತಾನೆ, ಸುತ್ತುತ್ತಾನೆ. ಆ ಪಾದಗಳು ನೆಲಕ್ಕೆ ತಾಗುತ್ತವೋ ಇಲ್ಲವೋ ಅನ್ನುವಷ್ಟು ಹಗುರ. ಮಹಾಯುದ್ಧದಲ್ಲಿ ನಾರ್ಮಂಡಿ ದಂಡೆಗೆ ಇಳಿದು ಬದುಕಿ ಬಂದವನು, ಆಮೇಲೆ ಡ್ಯಾನ್ಸ್ ಕಲಿಸಿ ಹೊಟ್ಟೆ ಹೊರೆದವನು. ಈ ಕೆಲವೇ ನಿಮಿಷಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಸಿಗಲೇಬೇಕಿತ್ತು. ಯಾವ ವಿಧಾನಸೌಧದಲ್ಲೂ ಆ ಕುಣಿತ ನಡೆಯುತ್ತದೆ, ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಟಿವಿ ವರದಿಗಾರನಾಗಿ ಡಾಮ್ ಡಿಲೂಯಿಸ್ ವಿಗ್ ಇಟ್ಟುಕೊಂಡು, ಹೊಟ್ಟೆಗೆ ಪಟ್ಟಿ ಬಿಗಿಸಿಕೊಂಡು, ಆಮೇಲೆ ಕ್ಯಾಮೆರಾ ಮುಂದೆ ನೀತಿ ಹೇಳುವುದೂ ಚೆನ್ನಾಗಿದೆ.

ಆದರೆ ನೋಡಿ, ಗವರ್ನರ್‌ಗೆ ಪೂರ್ತಿ ಹಾಡು ಉಳಿಯಿತು. ವರದಿಗಾರನಿಗೆ ಉಳಿಯಿತು. ಕಾಲೇಜು ಫುಟ್‌ಬಾಲ್ ಹುಡುಗರು ಲಾಕರ್ ರೂಮಿನಲ್ಲಿ ಟವೆಲ್ ಬೀಸಿಕೊಂಡು ಕುಣಿಯುವ ಹಾಡಿಗೆ ಒಂದು ಹೆಜ್ಜೆಯೂ ಕಮ್ಮಿ ಆಗಿಲ್ಲ. ಜುವೆಲ್‌ದು ಹೋಯಿತು, ಶೈದು ಹೋಯಿತು, ಡೋಟ್ಸಿ ಮೇದು ಹೋಯಿತು. ಹೀಗೆ ಹೆಚ್ಚಾಗಿ ಒಂದು ಕಡೆಯಿಂದಲೇ ಕತ್ತರಿಸಿಕೊಂಡು ಹೋದದ್ದು ಯಾರ ಕಣ್ಣಿಗೂ ಬೀಳಲಿಲ್ಲವಾ ಅಂತ ನನ್ನ ಪ್ರಶ್ನೆ. ಪೋಲಿ ಇದೆಯಾ ಇಲ್ಲವಾ ಅಂತ ಅಳೆಯುವುದರಲ್ಲೇ ನೋಡುವವರೆಲ್ಲ ಮುಳುಗಿದ್ದಾರೆ.

ಕಾಮೆಂಟಿನಲ್ಲಿ "ಡಾಲಿ ಬಗ್ಗೆ ಏನೂ ಅನ್ನಬೇಡಿ" ಅಂತ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಡಾಲಿ ಮೇಲೆ ನನಗೆ ಪ್ರೀತಿ ಇದೆ, ನನ್ನ ಜಗಳ ಕತ್ತರಿ ಹಿಡಿದವರ ಜೊತೆ. ಬ್ರಾಡ್‌ವೇ ಕಲಾವಿದರೇ ಹಾಡಿದ 1978ರ ಧ್ವನಿಮುದ್ರಣ ಹುಡುಕಿದರೆ ಸಿಗುತ್ತದೆ. ಡೋಟ್ಸಿ ಮೇ ಹಾಡು ಒಂದು ಸಲ ಕೇಳಿ. ಕೇಳಿದ ಮೇಲೂ ಸಿನಿಮಾದವರು ಮಾಡಿದ್ದು ಸರಿ ಅನಿಸಿದರೆ ಬರೆಯಿರಿ, ವಾದಕ್ಕೆ ನಾನು ತಯಾರಿದ್ದೇನೆ.