ತಕ್ಕಡಿಗೆ ಮುದ್ರೆ ಇದೆ, ಟಾರ್ಕ್ ಪಾನಾಗೆ ಯಾಕಿಲ್ಲ?

ನನ್ನೂರು ಗಂಗಾವತಿ. ಈಗ ಇರೋದು ಅಮೆರಿಕದ ಓಹಾಯೋದಲ್ಲಿ. ಊರಲ್ಲಿ ನಮ್ಮ ಕಾಕಾನ ಗ್ಯಾರೇಜ್ ಇದೆ. ಟ್ರ್ಯಾಕ್ಟರ್, ಭತ್ತ ಕಟಾವು ಮಷಿನ್, ರೈಸ್ ಮಿಲ್ಲಿನ ಡೀಸೆಲ್ ಎಂಜಿನ್ ಎಲ್ಲ ಅಲ್ಲಿಗೆ ಬರುತ್ತವೆ. ಕೆಲವು ವರ್ಷದ ಹಿಂದೆ ಊರಿಗೆ ಹೋಗುವಾಗ ಕಾಕಾಗೆ ಅಂತ ಒಂದು ಟಾರ್ಕ್ ಪಾನಾ ತಂದುಕೊಟ್ಟಿದ್ದೆ. ಬೋಲ್ಟ್ ಎಷ್ಟು ಬಿಗಿಯಬೇಕು ಅಂತ ಅದರಲ್ಲಿ ಮೊದಲೇ ಸೆಟ್ ಮಾಡಬಹುದು. ಅರ್ಧ ಇಂಚಿನ ಚೌಕದ್ದು, ಅಷ್ಟು ಬಿಗಿಯಾದ ಕೂಡಲೇ ಟಕ್ ಅಂತ ಸದ್ದು ಮಾಡುವ ಜಾತಿ. ಕಾಕಾ ಅದನ್ನು ಕಣ್ಣಿಗೊತ್ತಿಕೊಂಡು, ಉಳಿದ ರಿಂಗ್ ಪಾನಾಗಳ ಪಕ್ಕ ಗೋಡೆಯ ಮೊಳೆಗೆ ತೂಗು ಹಾಕಿದರು.

ಅಲ್ಲೇ ತಪ್ಪು ಶುರುವಾಯಿತು. ಅದರಲ್ಲಿ ನನ್ನದೂ ಪಾಲಿದೆ. ಹೇಗೆ ಇಡಬೇಕು ಅಂತ ನಾನು ಒಂದು ಮಾತೂ ಹೇಳಿರಲಿಲ್ಲ.

ಹೋದ ಸಲ ಹೋದಾಗ ಸುಗ್ಗಿ ಕಾಲ. ಕಾಲುವೆ ನೀರಿನ ಭತ್ತ ಎಲ್ಲ ಒಟ್ಟಿಗೇ ಕಟಾವಿಗೆ ಬಂದಿತ್ತು. ಒಂದು ಮಷಿನ್ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗದ ಕೆಳಗೆ ಸೋರದಂತೆ ಹಾಕುವ ಹಾಳೆ) ಹೋಗಿ ಗ್ಯಾರೇಜಿಗೆ ಬಂತು. ಕಾಕಾ ಹೊಸದು ಹಾಕಿ, ಮ್ಯಾನ್ಯುಯಲ್ ನೋಡಿ, ಟಾರ್ಕ್ ಪಾನಾದಲ್ಲೇ ಬೋಲ್ಟ್ ಬಿಗಿದು ಕಳಿಸಿದರು. ಮೂರನೇ ದಿನ ಅದೇ ಮಷಿನ್ ಗದ್ದೆಯಲ್ಲಿ ನಿಂತಿತು. ಮತ್ತೆ ಸೋರಿಕೆ. ರೈತ ಆಕಾಶ ನೋಡುತ್ತಾ ನಿಂತಿದ್ದ. ಮೋಡ ಕಟ್ಟಿತ್ತು. ಆ ಮುಖ ನನಗೆ ಇನ್ನೂ ಮರೆತಿಲ್ಲ.

ಕಾಕಾ ಗ್ಯಾಸ್ಕೆಟ್ ಮೇಲೆ ಅನುಮಾನ ಪಟ್ಟರು. ನನಗೆ ಪಾನಾ ಮೇಲೆ ಅನುಮಾನ. ಪಕ್ಕದ ರೈಸ್ ಮಿಲ್ಲಿನಿಂದ ತೂಕದ ಕಲ್ಲು ತರಿಸಿದೆವು, ಮುದ್ರೆ ಬಿದ್ದವು. ಒಂದು 20 ಕೆಜಿ, ಒಂದು 5 ಕೆಜಿ. ಪಾನಾದ ಚೌಕದ ತುದಿಯನ್ನು ವೈಸ್‌ಗೆ ಕಚ್ಚಿಸಿ, ಹಿಡಿಕೆಯನ್ನು ನೆಲಕ್ಕೆ ಸಮಾನಾಂತರವಾಗಿ ಇಟ್ಟೆವು. ಚೌಕದ ಮಧ್ಯದಿಂದ 40 ಸೆಂಟಿಮೀಟರ್ ದೂರಕ್ಕೆ, ಕೈ ಹಿಡಿಯುವ ಜಾಗದಲ್ಲೇ, ಹಗ್ಗ ಕಟ್ಟಿದೆವು. ಪಾನಾವನ್ನು 98 ನ್ಯೂಟನ್ ಮೀಟರ್‌ಗೆ (ತಿರುಗಿಸುವ ಬಲದ ಅಳತೆ ಇದು) ಸೆಟ್ ಮಾಡಿದೆವು. ಹಳೇ ಮ್ಯಾನ್ಯುಯಲ್‌ಗಳಲ್ಲಿ ಬರುವ 10 ಕೆಜಿ ಮೀಟರ್ ಅಂದರೆ ಇದೇ. ಲೆಕ್ಕ ಸುಲಭ: 25 ಕೆಜಿಯನ್ನು 40 ಸೆಂಟಿಮೀಟರ್ ದೂರಕ್ಕೆ ತೂಗುಹಾಕಿದರೆ 10 ಕೆಜಿ ಮೀಟರ್. ಅಂದರೆ ಎರಡೂ ಕಲ್ಲು ಸೇರಿದರೆ ಟಕ್ ಅನ್ನಬೇಕು.

20 ಕೆಜಿ ಕಲ್ಲು ಒಂದಕ್ಕೇ ಟಕ್ ಅಂತು.

ಪಾನಾದ ಸ್ವಂತ ಭಾರ ಸೇರಿಸಿದರೂ ಅದು 80 ನ್ಯೂಟನ್ ಮೀಟರ್ ಆಸುಪಾಸು. ಇಂಥ ಪಾನಾಗೆ ಹೆಚ್ಚು ಕಡಿಮೆ ಶೇಕಡಾ 4ರಷ್ಟು ವ್ಯತ್ಯಾಸ ಒಪ್ಪುತ್ತಾರೆ. ಇಲ್ಲಿ ಹತ್ತಿರ ಹತ್ತಿರ ಐದರಲ್ಲಿ ಒಂದು ಪಾಲು ಕಡಿಮೆ. ಕಾರಣ ಕೇಳಿದರೆ ಬಹಳ ಸಣ್ಣದು. ಒಳಗೆ ಒಂದು ಸ್ಪ್ರಿಂಗ್ ಇದೆ. ಹಿಡಿಕೆ ತಿರುಗಿಸಿ ಸೆಟ್ ಮಾಡಿದಷ್ಟೂ ಅದು ಅದುಮಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಹಾಗೇ ತೂಗುಹಾಕಿದರೆ ತಿಂಗಳುಗಟ್ಟಲೆ ಅದುಮಿಕೊಂಡೇ ಇರುತ್ತದೆ. ಸ್ಪ್ರಿಂಗ್ ಸೋಲುತ್ತದೆ. ಸೋತ ಸ್ಪ್ರಿಂಗ್ ಬೇಗ ಟಕ್ ಅನ್ನುತ್ತದೆ. ನಾವು ಬಿಗಿಯಾಯಿತು ಅಂತ ನಂಬುತ್ತೇವೆ.

“ಇಷ್ಟು ದಿನ ಇದು ನನಗೆ ಸುಳ್ಳು ಹೇಳಿತಲ್ಲ ತಮ್ಮಾ” ಅಂದರು ಕಾಕಾ. ನಾನು ತಲೆ ತಗ್ಗಿಸಿದೆ.

ಇನ್ನು ನಾನಿರುವ ಊರಿನ ರೀತಿ ಹೇಳುತ್ತೇನೆ. ಇಲ್ಲಿ ಕೈ ಉಪಕರಣಕ್ಕೆ ಜೀವಮಾನದ ವಾರಂಟಿ ಅನ್ನೋದು ಹಳೇ ಸಂಪ್ರದಾಯ. ಕ್ರಾಫ್ಟ್ಸ್‌ಮನ್ 1927ರಲ್ಲಿ ಶುರುವಾದ ಹೆಸರು. ಅದರ ಪಾನಾ ಮುರಿದರೆ ಬಿಲ್ ಇಲ್ಲದೇ ಹೊಸದು ಕೊಡುತ್ತಿದ್ದರು, ತಲೆಮಾರುಗಳು ಅದನ್ನೇ ನಂಬಿ ಕೊಂಡವು. ಸ್ನ್ಯಾಪ್-ಆನ್ ಅನ್ನೋ ಉಪಕರಣ ಕಂಪನಿಯ ವ್ಯಾನ್ ವಾರಕ್ಕೊಮ್ಮೆ ಗ್ಯಾರೇಜಿನ ಬಾಗಿಲಿಗೇ ಬರುತ್ತದೆ. ವಾರಂಟಿ ಹೇಗಿರಬೇಕು ಅನ್ನೋದಕ್ಕೆ 1975ರಿಂದ ಒಂದು ಕಾನೂನೇ ಇದೆ, ಮ್ಯಾಗ್ನುಸನ್-ಮಾಸ್ ಅಂತ. ಲಿಖಿತ ವಾರಂಟಿ ಪೂರ್ತಿಯದೋ ಮಿತಿ ಇರುವುದೋ ಅಂತ ತಲೆಬರಹದಲ್ಲೇ ಹೇಳಬೇಕು. ನನ್ನ ಒಂದು ರಾಟ್ಚೆಟ್ ಪಾನಾದ ಒಳಗಿನ ಹಲ್ಲು ಸವೆದಾಗ ಅಂಗಡಿಯಲ್ಲಿ ಎರಡು ನಿಮಿಷದಲ್ಲಿ ಬದಲಿಸಿಕೊಟ್ಟರು. ನನಗೆ ಆ ನಂಬಿಕೆ ನಿಜಕ್ಕೂ ಇಷ್ಟ. ಗಂಗಾವತಿಯಲ್ಲಿ ಬಿಲ್ ಇಟ್ಟುಕೊಳ್ಳುವವರು ಎಷ್ಟು ಜನ? ತಪಾರಿಯಾ ಸ್ಕ್ರೂಡ್ರೈವರ್ ತುದಿ ಹೋದರೆ ನಾವು ಉಜ್ಜುಗಲ್ಲಿಗೆ ಹಿಡಿದು ಮತ್ತೆ ತುದಿ ಮಾಡಿಕೊಳ್ಳುತ್ತೇವೆ.

ಆದರೆ ಆ ಜೀವಮಾನದ ವಾರಂಟಿ ಓದುತ್ತಾ ಹೋದರೆ ಕೊನೆಯಲ್ಲಿ ಒಂದು ಸಾಲು ಸಿಗುತ್ತದೆ. ಟಾರ್ಕ್ ಪಾನಾಗೆ ಸಾಮಾನ್ಯವಾಗಿ ಅದು ಅನ್ವಯಿಸಲ್ಲ. ಕೆಲವರು 90 ದಿನ ಕೊಡುತ್ತಾರೆ, ಕೆಲವರು ಒಂದು ವರ್ಷ. ಅದೇ ಗೋಡೆಯ ಮೇಲಿನ ರಾಟ್ಚೆಟ್‌ಗೆ ಸಾಯೋತನಕ, ಇದಕ್ಕೆ 90 ದಿನ. ಮೊದಲು ನನಗೆ ಇದು ಮೋಸ ಅನಿಸಿತ್ತು. ಈಗ ಅದೇ ಪ್ರಾಮಾಣಿಕತೆ ಅನಿಸುತ್ತದೆ. ಸಾದಾ ಪಾನಾ ಮುರಿಯುತ್ತದೆ ಅಥವಾ ಮುರಿಯಲ್ಲ, ಕಣ್ಣಿಗೆ ಕಾಣುತ್ತದೆ. ಇದು ಅಳೆಯುವ ಸಾಮಾನು. ಮುರಿಯದೇ ಕೆಡುತ್ತದೆ. ನೀವು ಹೇಗಿಟ್ಟಿರಿ ಅನ್ನೋದು ಕಂಪನಿಗೆ ಹೇಗೆ ಗೊತ್ತಾಗಬೇಕು?

ಇಲ್ಲಿಯ ಜನರ ತಪ್ಪೂ ಇಲ್ಲೇ ಇದೆ. ವಾರಂಟಿ ಇದೆಯಲ್ಲ ಅನ್ನೋ ಧೈರ್ಯದಲ್ಲಿ ಎಲ್ಲ ಸಾಮಾನನ್ನೂ ಒಂದೇ ಥರ ಬಳಸುತ್ತಾರೆ. ಬಿಡಿಭಾಗದ ಅಂಗಡಿಗಳಲ್ಲಿ ಡಿಪಾಸಿಟ್ ಇಟ್ಟು ಟಾರ್ಕ್ ಪಾನಾ ಎರವಲು ತರಬಹುದು. ನಾನು ತರಲ್ಲ. ಹಿಂದಿನವನು ಅದರಲ್ಲಿ ತುಕ್ಕು ಹಿಡಿದ ನಟ್ ಬಿಚ್ಚಿದ್ದನೋ ಏನೋ. ನಮ್ಮೂರಲ್ಲಿ ತಪ್ಪು ಬೇರೆ ದಾರಿಯಿಂದ ಬರುತ್ತದೆ. ಸಾಮಾನಿನ ಮೇಲೆ ನಮಗೆ ಪ್ರೀತಿ ಜಾಸ್ತಿ. ಆಯುಧ ಪೂಜೆಗೆ ಕಾಕಾ ಎಲ್ಲ ಪಾನಾಗಳನ್ನೂ ಡೀಸೆಲ್‌ನಲ್ಲಿ ಅದ್ದಿ, ಉಜ್ಜಿ, ಕುಂಕುಮ ಹಚ್ಚುತ್ತಾರೆ. ಟಾರ್ಕ್ ಪಾನಾವನ್ನೂ ಅದೇ ಬಕೆಟ್‌ಗೆ ಅದ್ದಿದ್ದರು! ಒಳಗಿನ ಗ್ರೀಸ್ ತೊಳೆದು ಹೋಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ನೋಡಿಕೊಳ್ಳೋದು ಕಷ್ಟವೇನಲ್ಲ, ಅಲ್ವಾ. ಕೆಲಸ ಮುಗಿದ ಮೇಲೆ ಸ್ಕೇಲಿನ ಅತಿ ಕಡಿಮೆ ಅಂಕಿಗೆ ಇಳಿಸಿ. ಅದಕ್ಕಿಂತ ಕೆಳಗೆ ಬಿಚ್ಚಬೇಡಿ, ಒಳಗಿನ ಭಾಗ ಜಾಗ ತಪ್ಪಬಹುದು. (ಸ್ಪ್ಲಿಟ್ ಬೀಮ್ ಅನ್ನೋ ಇನ್ನೊಂದು ಜಾತಿ ಇದೆ. ಅದನ್ನು ಹೀಗೆ ಇಳಿಸುವ ಅಗತ್ಯವೇ ಇಲ್ಲ. ಕೊಳ್ಳುವಾಗ ಕೇಳಿ.) ಡಬ್ಬಿಯಲ್ಲಿಡಿ, ಬೀಳಿಸಬೇಡಿ. ಬಿದ್ದರೆ ಪರೀಕ್ಷೆ ಆಗೋವರೆಗೂ ನಂಬಬೇಡಿ. ಬೋಲ್ಟ್ ಬಿಚ್ಚೋಕೆ ಸಾದಾ ಪಾನಾ ಬಳಸಿ. ಹಿಡಿಕೆಗೆ ಪೈಪ್ ಸಿಕ್ಕಿಸಬೇಡಿ. ಒಂದು ಟಕ್ ಬಂದರೆ ನಿಲ್ಲಿಸಿ. ಎರಡನೇ ಟಕ್ ಕೇಳುವ ಆಸೆ ನಮ್ಮ ಮೇಸ್ತ್ರಿಗಳಿಗೆಲ್ಲ ಇದೆ, ಅದು ಬೋಲ್ಟನ್ನು ಬೇಕಾದ್ದಕ್ಕಿಂತ ಮುಂದೆ ಎಳೆಯುತ್ತದೆ. ಮತ್ತೆ ಇನ್ನೊಂದು: ಬಿಗಿಯುವ ಬಲದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆಯುತ್ತದೆ. ಉಳಿದದ್ದೆಲ್ಲ ಥ್ರೆಡ್ ಮತ್ತು ಬೋಲ್ಟ್ ತಲೆಯ ಕೆಳಗಿನ ತಿಕ್ಕಾಟಕ್ಕೆ ಹೋಗುತ್ತದೆ. ಅದಕ್ಕೇ ಒಣ ಬೋಲ್ಟ್‌ಗೆ ಕೊಟ್ಟ ಅಂಕಿಯನ್ನು ಎಣ್ಣೆ ಹಚ್ಚಿದ ಬೋಲ್ಟ್‌ಗೆ ಬಳಸಬಾರದು.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರ ಇಂಥ ಕಡೆ ಕೆಲಸ ಮಾಡಿದವರಿಗೆ ಕ್ಯಾಲಿಬ್ರೇಶನ್, ಅಂದರೆ ಅಳೆಯುವ ಸಾಮಾನಿನ ಅಳತೆಯನ್ನೇ ಪರೀಕ್ಷಿಸೋದು, ಅನ್ನೋ ಮಾತು ಹೊಸದಲ್ಲ. ಟಾರ್ಕ್ ಪಾನಾಗಳಿಗಿರುವ ಐಎಸ್‌ಒ 6789 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಹೇಳೋದೂ ಸರಳ: ಬೇರೆ ಪದ್ಧತಿ ಇಲ್ಲದಿದ್ದರೆ 12 ತಿಂಗಳಿಗೊಮ್ಮೆ ಅಥವಾ 5,000 ಸಲ ಬಳಸಿದ ಮೇಲೆ ಪರೀಕ್ಷೆ ಮಾಡಿಸಿ. ಸಣ್ಣ ಗ್ಯಾರೇಜಿಗೆ ಈ ಮಾತು ಇನ್ನೂ ಇಳಿದಿಲ್ಲ. ಆದರೆ ಅದರ ತಿಳಿವಳಿಕೆ ನಮ್ಮೂರಲ್ಲಿ ಇಲ್ಲ ಅಂತ ನಾನು ಒಪ್ಪಲ್ಲ. ಭತ್ತದ ಊರು ನಮ್ಮದು. ಮುದ್ರೆ ಇಲ್ಲದ ತಕ್ಕಡಿಯಲ್ಲಿ ತೂಗಿಸಲು ಯಾವ ರೈತ ಒಪ್ಪುತ್ತಾನೆ? ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ, ಕಬ್ಬಿಣದ ಕಲ್ಲಿಗೆ ಎರಡು ವರ್ಷಕ್ಕೊಮ್ಮೆ ಮಾಪನ ಇಲಾಖೆಯ ಮುದ್ರೆ ಬೀಳುತ್ತದೆ. ಟಾರ್ಕ್ ಪಾನಾ ಅದೇ ಮನೆತನದ್ದು. ಅದನ್ನು ಪಾನಾಗಳ ಸಾಲಿನಿಂದ ತೆಗೆದು ತಕ್ಕಡಿಯ ಸಾಲಿಗೆ ಇಡಬೇಕು ಅನ್ನೋದೇ ನನ್ನ ಮಾತು. ಗಂಗಾವತಿ, ಕಾರಟಗಿ, ಸಿಂಧನೂರಿನ ಗ್ಯಾರೇಜಿನವರು ಸೇರಿ ಒಂದು ಟಾರ್ಕ್ ಟೆಸ್ಟರ್ ಕೊಂಡರೂ ಎಷ್ಟೋ ಸುಗ್ಗಿ ಉಳಿಯುತ್ತದೆ. ಟ್ರ್ಯಾಕ್ಟರ್ ಶೋರೂಮಿನವರು ಜೀವಮಾನದ ವಾರಂಟಿ ಕೊಡೋದು ಬೇಡ, ವರ್ಷಕ್ಕೊಂದು ದಿನ ಪರೀಕ್ಷೆ ಮಾಡಿಕೊಡಲಿ.

ಕಾಕಾ ಆ ಪಾನಾವನ್ನು ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿ ಸರಿ ಮಾಡಿಸಿದರು. ಈಗ ಅದು ಮೊಳೆಯ ಮೇಲಿಲ್ಲ, ಗಲ್ಲಾಪೆಟ್ಟಿಗೆ ಪಕ್ಕದ ಡಬ್ಬಿಯಲ್ಲಿದೆ. ಲ್ಯಾಬಿನ ತಾರೀಖನ್ನು ಡಬ್ಬಿಯ ಮೇಲೆ ಬಿಳಿ ಪೇಂಟಲ್ಲಿ ಬರೆದಿದ್ದಾರೆ. ಮಧ್ಯೆ ಅನುಮಾನ ಬಂದರೆ ಮಿಲ್ಲಿನ ಕಲ್ಲು ತರಿಸುತ್ತಾರೆ. ಅದು ಲ್ಯಾಬಿನ ಬದಲಿಗೆ ಆಗಲ್ಲ ಅಂತ ಅವರಿಗೂ ಗೊತ್ತು. ಈ ಸಲ ಆಯುಧ ಪೂಜೆ ದಿನ ಫೋನ್ ಮಾಡಿ, ಮೊದಲು ನನ್ನ ಆರೋಗ್ಯ ಕೇಳಲಿಲ್ಲ. “20 ಕೆಜಿಗೆ ಸುಮ್ನೆ ಇತ್ತು ತಮ್ಮಾ, 5 ಕೆಜಿ ಕಲ್ಲು ಸೇರಿಸಿದ ಮೇಲೇ ಟಕ್ ಅಂತು” ಅಂದರು.